ಇನ್ನೂರು ಪುಟ ಮೀರದ ಕಾದಂಬರಿಗಳು

ಯಾರಿಗಾದರೂ ಕಾದಂಬರಿ ಓದಿ ಎಂದು ಹೇಳುವವರು ಸಾಮಾನ್ಯವಾಗಿ ಅದರ ಗುಣ ನೋಡುತ್ತಾರೆ. ನಾನು ದಪ್ಪ ನೋಡುತ್ತೇನೆ. ಇನ್ನೂರು ಪುಟ ಮೀರಿದ್ದು ಎಷ್ಟೇ ಶ್ರೇಷ್ಠ ಕೃತಿಯಾಗಿರಲಿ, ಒಯ್ದವರು ಆರು ತಿಂಗಳು ಈ ಕಡೆ ತಲೆ ಹಾಕುವುದಿಲ್ಲ. ಘಾಟ್ಕೋಪರದ ಹಳೆಯ ಸಹೋದ್ಯೋಗಿಗೊಮ್ಮೆ ಏಳುನೂರು ಪುಟದ್ದು ಕೊಟ್ಟೆ. ಅವರು ಪುಸ್ತಕದ ಸಮೇತ ಊರಿಗೆ ಹೋಗಿ ನೆಲೆಸಿದರು. ತೆಳ್ಳಗಿನದಾದರೆ ಎಂಟು ದಿನಕ್ಕೆ ಹಿಂತಿರುಗಿಸಲು ಬರುತ್ತಾರೆ, ಕರೆಗಂಟೆ ಒತ್ತುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಮುಲುಂಡಿನ ಈ ಎರಡು ಕೋಣೆಯ ಮನೆಯಲ್ಲಿ ನನಗೆ ಬೇಕಾದದ್ದು ಅಷ್ಟೇ. ವಿಮರ್ಶಕರು ಕ್ಷಮಿಸಬೇಕು.

ನಮ್ಮ ಬಿಲ್ಡಿಂಗಿನಲ್ಲಿ ಕನ್ನಡ ಓದುವವರು ಇಬ್ಬರೇ: ಕನ್ನಡ ಶಾಲೆಯ ಮಾಸ್ತರಿಕೆಯಿಂದ ನಿವೃತ್ತನಾದ ನಾನು, ಬೈಕುಲ್ಲಾದ ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟ ನಾಲ್ಕನೇ ಮಾಳಿಗೆಯ ಶೆಟ್ಟರು. ಪಾತ್ರೆಯನ್ನು ಖಾಲಿ ಮರಳಿಸಬಾರದೆಂಬ ಊರಿನ ರೂಢಿಯನ್ನು ಅವರು ಪುಸ್ತಕಕ್ಕೂ ಹಚ್ಚಿದ್ದರು. ಪ್ರತಿ ಕಾದಂಬರಿಯ ಮೇಲೊಂದು ಗೋಳಿಬಜೆಯ ಪೊಟ್ಟಣ ಕೂತು ಬರುತ್ತಿತ್ತು. ರಕ್ಷಾಪುಟಕ್ಕೆ ಅಂಥ ಎಣ್ಣೆಯ ಕಲೆಯನ್ನು ಶಾಲೆಯ ಮಕ್ಕಳು ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಶೆಟ್ಟರಿಗೆ ಚಹಾ ಕೊಟ್ಟು ಕೂರಿಸುತ್ತಿದ್ದೆ.

ಹೋದ ತಿಂಗಳು ಒಂದು ವೈಜ್ಞಾನಿಕ ಕಾದಂಬರಿ ಕೊಟ್ಟೆ. ಗಗನಯಾತ್ರಿಯೊಬ್ಬ ಮೂವತ್ತು ವರ್ಷ ನೌಕೆಯ ಯಂತ್ರದ ಜತೆ ಮಾತಾಡಿಕೊಂಡು ಹೋಗುವ ಕಥೆ, ನೂರಾ ಹತ್ತು ಪುಟ. ಶೆಟ್ಟರು ಮೂರೇ ದಿನಕ್ಕೆ ಬಂದರು. ಅಷ್ಟು ವರ್ಷ ಮಾತ್ರೆ ನುಂಗಿ ಬದುಕಿದವನು ಒಮ್ಮೆಯೂ ಸಾರನ್ನು ನೆನೆಯುವುದಿಲ್ಲವೆಂದರೆ ಬರೆದವರಿಗೆ ಹಸಿವೆಂದರೇನೆಂದೇ ಗೊತ್ತಿಲ್ಲ ಎಂದು ತೀರ್ಪು ಕೊಟ್ಟರು. ಚಹಾ ಮುಗಿಸಿ ಲೋಟ ಕೆಳಗಿಟ್ಟು, "ಮಾಷ್ಟ್ರೇ, ನನಗೆ ಈಗ ಅಕ್ಷರ ಸರಿ ಕಾಣುದಿಲ್ಲ. ಪುಸ್ತಕ ಸಾಕು. ಹಾಗೇ ಸುಮ್ಮನೆ ಬಂದು ಕೂತ್ಕೊಂಡ್ರೆ ಆಗ್ತದಾ? ನಿಮಗೂ ಒಬ್ಬರಿಗೇ ಬೇಜಾರಲ್ವಾ?" ಎಂದರು.

ಹೌದು ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ಮಾಸ್ತರಿಕೆಯ ಬಿಗುಮಾನ ಬಿಟ್ಟೀತೆ? "ಛೆ, ನನಗೆಂಥ ಬೇಜಾರು? ಓದುವವನಿಗೆ ಹೊತ್ತೇ ಸಾಲುದಿಲ್ಲ" ಎಂದುಬಿಟ್ಟೆ. ಓದುವವರಿಗೆ ತೊಂದರೆ ಕೊಡಬಾರದೆಂದು ತಮಗೇ ಹೇಳಿಕೊಳ್ಳುತ್ತಾ ಶೆಟ್ಟರು ಚಪ್ಪಲಿ ಮೆಟ್ಟಿದರು.

ಮೂರು ವಾರವಾಯಿತು. ಲಿಫ್ಟಿನಲ್ಲಿ ಸಿಕ್ಕಾಗ, ಓದು ಹೇಗೆ ನಡೆದಿದೆ ಎಂದು ಬಹಳ ಗೌರವದಿಂದ ವಿಚಾರಿಸುತ್ತಾರೆ. ಭರದಿಂದ ನಡೆದಿದೆ ಎನ್ನುತ್ತೇನೆ. ಇಷ್ಟು ವರ್ಷ ಕಂಡವರ ಕಟ್ಟುಕಥೆಗಳನ್ನೆಲ್ಲ ಓದಿದ ನಾನು ಜನ್ಮದಲ್ಲಿ ಸ್ವಂತವಾಗಿ ಕಟ್ಟಿದ್ದು ಇದೊಂದೇ. ಅದನ್ನು ಶೆಟ್ಟರು ಒಂದಕ್ಷರ ಬಿಡದೆ ನಂಬಿದ್ದಾರೆ.