ಕಿರುಚಾಟ ನಿಲ್ಲಿಸಿದ ಗರಗಸಕ್ಕೊಂದು ಅಹವಾಲು

ಮಾನ್ಯ ಸ್ಕ್ರೋಲ್ ಗರಗಸದವರೇ,

ನೂಲಿನಷ್ಟು ಸಣ್ಣ ಅಲಗನ್ನು ನಿಮಿಷಕ್ಕೆ ಸಾವಿರ ಸಲ ಮೇಲೆ ಕೆಳಗೆ ಕುಣಿಸಿ ಹಲಗೆಯೊಳಗಿಂದ ಹಕ್ಕಿಯನ್ನೂ ಹಿಮದ ಹೂವನ್ನೂ ಬಿಡಿಸಿ ಕೊಡುವ ತಮ್ಮ ಪಾದಾರವಿಂದಗಳಿಗೆ, ಅಂದರೆ ತಮ್ಮನ್ನು ಮೇಜಿಗೆ ಬಿಗಿದಿರುವ ನಾಲ್ಕು ಬೋಲ್ಟುಗಳಿಗೆ, ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಆರ್ವಿಡ್ ಹಾಗ್ಸ್‌ರುಡ್ ಎಂಬ ನಾನು ಸಾಷ್ಟಾಂಗ ಎರಗಲು ಹೊರಟು, ಮಂಡಿನೋವಿನಿಂದಾಗಿ ಅರ್ಧಕ್ಕೇ ನಿಂತು, ಮಾಡಿಕೊಳ್ಳುವ ವಿಜ್ಞಾಪನೆ. ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿದೆ. ನೆಲಮಾಳಿಗೆಯಲ್ಲಿ ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ತಮ್ಮ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ದೂರನ್ನು ಯಂತ್ರಕ್ಕೆ ಕೊಡುವುದೇ ಎಂದು ತಾವು ಹುಬ್ಬೇರಿಸಬಹುದು. ಅಮೆರಿಕದ ನಮ್ಮ ಮಿನ್ನೆಸೋಟದಲ್ಲಿ ಮನುಷ್ಯರಿಗೆ ದೂರು ಹೇಳುವ ರೂಢಿ ಇಲ್ಲ ಸ್ವಾಮಿ. ಮನೆಗೆ ಬೆಂಕಿ ಬಿದ್ದರೂ "ಸ್ವಲ್ಪ ಬೆಚ್ಚಗಾಯ್ತು" ಎನ್ನುವ ಜನ ನಾವು. ಹೀಗಾಗಿ ತಾವು ಹನ್ನೊಂದು ವರ್ಷ ಎಡೆಬಿಡದೆ ಕಿರುಚಿದರೂ ಯಾರೂ ಕಮಕ್ ಕಿಮಕ್ ಎನ್ನಲಿಲ್ಲ. ಪಕ್ಕದ ಮನೆಯ ಅರ್ಡಿಸ್ ಮಾತ್ರ ಒಂದು ಬೇಸಿಗೆಯಲ್ಲಿ ಬೇಲಿಯಾಚೆಯಿಂದ, "ನಿಮ್ಮನೇಲಿ ಯಾರೋ ಪಿಟೀಲು ಕಲೀತಿದಾರೆ ಅಲ್ವಾ? ಕಲೀಲಿ ಬಿಡಿ, ನಿಧಾನಕ್ಕೆ ಬರುತ್ತೆ" ಎಂದಿದ್ದರು. ಮೂವತ್ತು ವರ್ಷ ಮಕ್ಕಳ ಬಸ್ಸು ಓಡಿಸಿದ ನನ್ನ ಕಿವಿಗೆ ತಮ್ಮ ಕೂಗು ಜೋಗುಳದಂತಿತ್ತಾದ್ದರಿಂದ, ಆಕೆಗೆ ಥ್ಯಾಂಕ್ಸ್ ಹೇಳಿ ಬಂದೆ.

ಕಳೆದ ಸೋಮವಾರ ಊಟಕ್ಕೆ ಕೂತಾಗ ನನ್ನ ಹೆಂಡತಿ ಮಾರ್ಲಿಸ್, ಆಲೂಗಡ್ಡೆಯ ಹಾಟ್‌ಡಿಶ್ ಬಡಿಸುತ್ತ, "ರೀ, ನಿಮ್ಮ ಗರಗಸ ಒಂಥರಾ ಇದೆ ಅಲ್ವಾ" ಎಂದಳು. ನಮ್ಮ ಕಡೆ 'ಒಂಥರಾ' ಎಂದರೆ ಬೈಗುಳಗಳಲ್ಲೆಲ್ಲ ದೊಡ್ಡ ಬೈಗುಳ. "ಭಾನುವಾರದೊಳಗೆ ಅದು ಬಾಯಿ ಮುಚ್ಚದಿದ್ರೆ ವರ್ಲಿನ್ ಟ್ರಕ್ ತರ್ತಾನೆ. ಅವನಿಗೂ ಒಂದು ಬೇಕಿತ್ತಂತೆ" ಎಂದೂ ಸೇರಿಸಿದಳು. ವರ್ಲಿನ್ ನನ್ನ ಭಾವಮೈದುನ. ತಮ್ಮನ್ನು ಕಳೆದುಕೊಂಡು ಉಳಿದ ಚಳಿಗಾಲವನ್ನು ನಾನು ಗೋಡೆ ನೋಡಿಕೊಂಡು ಕಳೆಯಬೇಕಾದ ಕಾಲ ಬಂದಿತ್ತು.

ಈ ವರ್ಲಿನ್ ಮಹಾಶಯನ ಉಪಕಾರವನ್ನು ಇಲ್ಲಿ ಸ್ಮರಿಸದಿದ್ದರೆ ತಪ್ಪಾದೀತು. ನಮ್ಮೂರಲ್ಲಿ ಬಾಗಿಲು ಕಿರುಗುಟ್ಟಿದರೂ, ಕಾರಿನ ಬೀಗ ಹೆಪ್ಪುಗಟ್ಟಿದರೂ, ಸಲಿಕೆಗೆ ಹಿಮ ಅಂಟಿದರೂ ಗಂಡಸರೆಲ್ಲ ಕೈಗೆತ್ತಿಕೊಳ್ಳುವುದು ಒಂದೇ ಸ್ಪ್ರೇ ಡಬ್ಬಿಯನ್ನು. "ಭಾವಾ, ಒಂದ್ಸಲ ಪುಸ್ ಅನ್ಸು ಸಾಕು, ಮದುವೆ ಮುರೀತಿದ್ರೂ ಸರಿಹೋಗುತ್ತೆ" ಎಂದು ಅವನು ಮೂರು ವರ್ಷದ ಹಿಂದೆ ಹೇಳಿದ್ದ. ನಾನು ತಮ್ಮ ಸಂಧಿಸಂಧಿಗೂ ಪುಸ್ ಅನ್ನಿಸಿದೆ. ತಾವು ಎರಡು ದಿನ ಸುಮ್ಮನಿದ್ದಿರಿ. ಆ ದ್ರವ ಬೇರಿಂಗಿನಲ್ಲಿ ಅಳಿದುಳಿದಿದ್ದ ಹಳೆಯ ಎಣ್ಣೆಯನ್ನೂ ತೊಳೆದುಕೊಂಡು ಹೋಗಿತ್ತು. ಮೂರನೆಯ ದಿನ ತಾವು ಎತ್ತಿದ ಸ್ವರಕ್ಕೆ ಅರ್ಡಿಸ್ ಅವರ ನಾಯಿ ಶ್ರುತಿ ಕೂಡಿಸಿತು. ಅಷ್ಟಾದರೂ ನಾನು ಪ್ರತಿ ತಿಂಗಳು ತಪ್ಪದೆ ತಮ್ಮ ಮೇಜಿಗೆ ಮೇಣ ಹಚ್ಚಿ ಕನ್ನಡಿಯಂತೆ ಉಜ್ಜುತ್ತಿದ್ದೆ. ಹೊರಗೆ ಥಳುಕು, ಒಳಗೆ ಹುಳುಕು.

ಕೊನೆಗೆ, ಸೋಮವಾರದ ಆ ಬೆದರಿಕೆಯಾದ ಮೇಲೆ, ತಮ್ಮ ಕೈಪಿಡಿಯನ್ನು ಹುಡುಕಿ, ಜೀವಮಾನದಲ್ಲಿ ಮೊದಲ ಸಲ ತೆರೆದು ನೋಡಿದೆ. ಪ್ರತಿ ಐವತ್ತು ಗಂಟೆಯ ಕೆಲಸಕ್ಕೊಮ್ಮೆ ತಮ್ಮನ್ನು ಮಗ್ಗುಲಾಗಿ ಮಲಗಿಸಿ, ಅಲಗನ್ನು ಕುಣಿಸುವ ತೋಳಿನ ಬೇರಿಂಗಿಗೆ ಧಾರಾಳವಾಗಿ ಎಣ್ಣೆ ಬಿಟ್ಟು, ರಾತ್ರಿಯಿಡೀ ಇಂಗಲು ಬಿಡಬೇಕಂತೆ. ಮರುದಿನ ಇನ್ನೊಂದು ಮಗ್ಗುಲಿಗೆ ಹೊರಳಿಸಿ ಅದೇ ಸೇವೆ ಮತ್ತೊಮ್ಮೆಯಂತೆ. ಇಂಥ ಸುಖಪುರುಷರು ತಾವೆಂದು ನನಗೇನು ಗೊತ್ತಿತ್ತು? ಚಳಿಗೆ ಎಣ್ಣೆ ಜೇನಿನಂತೆ ಮಂದವಾಗಿ ಇಳಿಯಲೊಲ್ಲದಾದಾಗ, ಬೋಲ್ಟು ಬಿಚ್ಚಿ ತಮ್ಮನ್ನು ಹೊತ್ತೊಯ್ದು ಬಟ್ಟೆ ಒಣಗಿಸುವ ಯಂತ್ರದ ಮೇಲೆ ಮಲಗಿಸಿ, ಕೆಳಗೆ ಟವೆಲ್ಲು ಹಾಸಿ, ಒದ್ದೆಯಾಗದ ಬಟ್ಟೆಗಳನ್ನೂ ಮತ್ತೆ ಮತ್ತೆ ಒಣಗಿಸಿದೆ. ಬೆಚ್ಚಗಾದ ಎಣ್ಣೆ ಸರಾಗವಾಗಿ ಇಂಗಿತು. ಅಲಗು ಹಿಡಿಯುವ ಚಿಮಟದ ಜಿಡ್ಡು ಒರೆಸಿದೆ, ಮೋಟಾರಿನೊಳಗಿನ ಮರದ ಪುಡಿ ಹೀರಿಸಿ ತೆಗೆದೆ. ಬಾಣಂತಿಗೂ ಇಷ್ಟು ಆರೈಕೆ ನಡೆದಿರಲಾರದು.

ಶನಿವಾರ ಸ್ವಿಚ್ ಒತ್ತಿದೆ. ತಾವು ಸದ್ದೇ ಮಾಡಲಿಲ್ಲ! ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಅಲಗು ಹಲಗೆಯಲ್ಲಿ ಸಾಗಿತು. ನಾನು ಹುಚ್ಚು ಖುಷಿಯಲ್ಲಿ ಒಂದರ ಹಿಂದೊಂದು ಏಳು ಲೂನ್ ನೀರುಹಕ್ಕಿಗಳನ್ನು ಕತ್ತರಿಸಿದೆ. ಒಂದಕ್ಕೆ ಎರಡು ಕೊಕ್ಕು ಬಂದರೂ ಬೇಸರವಾಗಲಿಲ್ಲ. ಗೆದ್ದೆ, ತಾವು ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡೆ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು. ಒಂದೇ ಕಾಲಿಗೆ ಚಪ್ಪಲಿ, ಎರಡೂ ಕೈಗೆ ಹಿಟ್ಟು, ಮಾರ್ಲಿಸ್ ಓಡಿ ಬಂದು ನನ್ನನ್ನು ಕಂಡು ಕೊನೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. "ಸದ್ದು ಯಾಕ್ರೀ ಇಲ್ಲ?" ಎಂದಳು. "ಅದರ ಬಾಯಿ ಮುಚ್ಚಿಸು ಅಂದವಳು ನೀನೇ ಅಲ್ವಾ" ಎಂದೆ. "ಹೋದ ವರ್ಷ ಎದೆ ಹಿಡ್ಕೊಂಡು ಇಲ್ಲೇ ಬಿದ್ರಲ್ಲ, ಅವತ್ತೂ ಹಿಂಗೇ ಸದ್ದಿರ್ಲಿಲ್ಲ. ಅದು ಕಿರುಚ್ತಾ ಇದ್ರೆ ನೀವಿದೀರ ಅಂತ ಗೊತ್ತಾಗ್ತಿತ್ತು. ನಂಗೇ ಈಗ ಹೊಳೀತು ನೋಡಿ" ಎಂದಳು. ಮದುವೆಯಾಗಿ ನಲವತ್ತಾರು ವರ್ಷವಾಯಿತು. ಇಷ್ಟು ನೇರವಾದ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ನನಗೆ ಸಂತೋಷಕ್ಕೆ ಅಳುವೇ ಬಂತು. ಟ್ರಕ್ ಬೇಡವೆಂದು ವರ್ಲಿನ್‌ಗೆ ಫೋನ್ ಮಾಡಿದವಳೂ ಅವಳೇ.

ಆದ್ದರಿಂದ ಘನತೆವೆತ್ತ ತಮ್ಮಲ್ಲಿ ಪ್ರಾರ್ಥನೆ: ಎಣ್ಣೆ ಕುಡಿದ ಈ ಸೌಜನ್ಯ ಹೀಗೇ ಇರಲಿ, ಆದರೆ ಕಾಲು ಗಂಟೆಗೊಮ್ಮೆ ತಾವಾಗಿ ಒಂದು ಸಣ್ಣ ಕಿರುಚು ಹಾಕಬೇಕು. ಅದು ಅಡುಗೆಮನೆಯವರೆಗೆ ಮಾತ್ರ ಕೇಳಬೇಕು, ಬೇಲಿ ದಾಟಬಾರದು, ನಾಯಿಗೆ ತಿಳಿಯಬಾರದು, ನಾನು ಕೊಕ್ಕು ಕತ್ತರಿಸುವ ಹೊತ್ತಿಗೆ ಬರಬಾರದು. ನಾನೇನಾದರೂ ಮತ್ತೆ ಬಿದ್ದರೆ ಮಾತ್ರ, ಸ್ವಿಚ್ ಆರಿದ್ದರೂ ಸರಿ, ಯಾವ ಮುಲಾಜೂ ಇಲ್ಲದೆ ಊರು ಹಾರುವಂತೆ ಕಿರುಚಬೇಕಾಗಿ ಬೇಡಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ, ತಮ್ಮ ಎಣ್ಣೆಯಲ್ಲೇ ಕೈ ತೊಳೆದವನು,
ಆರ್ವಿಡ್ ಹಾಗ್ಸ್‌ರುಡ್

ವಿ.ಸೂ.: ತಮ್ಮ ಉತ್ತರಕ್ಕೆ ಕಾಯುವ ತಾಳ್ಮೆ ಮಾರ್ಲಿಸ್‌ಗೆ ಇಲ್ಲ. ಈಗಾಗಲೇ ಕುರ್ಚಿಯನ್ನೂ ಹೆಣಿಗೆಯನ್ನೂ ಕೆಳಗೆ ತಂದು ತಮ್ಮೆದುರೇ ಕೂತು, "ನೋಡಿ, ಇಲ್ಲಿ ಬರ್ದಿದೆ, ನೀವು ಮಾಡಿದ್ದೆಲ್ಲ ಉಲ್ಟಾ" ಎಂದು ಕೈಪಿಡಿಯನ್ನು ಗಟ್ಟಿಯಾಗಿ ಓದುತ್ತಿದ್ದಾಳೆ. ನಾಳೆಯಿಂದ ತಮ್ಮ ಎಣ್ಣೆಯ ಉಸ್ತುವಾರಿಯೂ ಅವಳದೇ ಅಂತೆ. ನಲವತ್ತಾರು ವರ್ಷದಿಂದ ಅದೇ ಉಸ್ತುವಾರಿಯಲ್ಲಿರುವವನಾಗಿ ಎಚ್ಚರಿಸುತ್ತೇನೆ: ಇನ್ನು ಮುಂದೆ ತಮಗೆ ಕೆಟ್ಟು ಕೂರುವ ಸ್ವಾತಂತ್ರ್ಯ ಇರುವುದಿಲ್ಲ.