ಫ್ಯಾನಿಗೆ ತಪ್ಪಿದ ಮುತ್ತು

ಕ್ಲಬ್ಬಿನ ಅಧ್ಯಕ್ಷರ ಜೊತೆ ಕಬ್ಬಿಣದ ಗುಂಡೆಸೆಯುವ ಆಟಕ್ಕೆ ಹೋಗುವ ಮೊದಲು ಕೂದಲು ಕತ್ತರಿಸಿಕೊಳ್ಳೋಣವೆಂದು ಎಮರಿಕ್ ಕ್ಷೌರದಂಗಡಿಗೆ ಕಾಲಿಟ್ಟ. ಎಡವಟ್ಟಾದದ್ದೇ ಅಲ್ಲಿ. ಹೊನೊರೆಯ ಅಂಗಡಿಯಲ್ಲಿ ಕತ್ತರಿಗಿಂತ ಬಾಯಿಗೇ ಕೆಲಸ ಹೆಚ್ಚು.

ಎಮರಿಕ್ ಹದಿನಾರು ವರ್ಷ ಫ್ರಾನ್ಸಿನ ಊರೂರು ತಿರುಗಿ ಫುಟ್‌ಬಾಲ್ ಆಡಿದ ಮಿಡ್‌ಫೀಲ್ಡರ್. ಎದುರಾಳಿಯ ಚೆಂಡು ಕಸಿದು ಮುಂದಿನವರಿಗೆ ಒಪ್ಪಿಸುವುದೇ ಅವನ ಕಸುಬು. ಗೋಲು ಹೊಡೆದವರು ಜನರ ಹೆಗಲೇರಿದರು, ಇವನು ಮೊಣಕಾಲು ನೋವು ಕಟ್ಟಿಕೊಂಡು ಊರಿಗೆ ಮರಳಿದ. ಈಗ ಅವನಿಗೆ ಬೇಕಾಗಿದ್ದು ಒಂದೇ: ಊರಿನ ಕ್ಲಬ್ಬಿನಲ್ಲಿ ಮಕ್ಕಳಿಗೆ ಆಟ ಕಲಿಸುವ ಕೆಲಸ. ಅದನ್ನು ಕೊಡುವವರು ಅಧ್ಯಕ್ಷ ಪಾಸ್ಕಾಲೆ. ಸಿಗದಿದ್ದರೆ ಮಾವನ ಮೀನಂಗಡಿಯೇ ಗತಿ.

"ನಿಂಗೆ ಕೆಲಸ ಸಿಕ್ಕಲ್ಲ ಬಿಡು," ಅಂದ ಹೊನೊರೆ. "ಜನ್ಮದಲ್ಲಿ ಒಂದು ಗೋಲು ಹೊಡೆದಿದ್ದೀಯೇನೋ? ಇವತ್ತಾದ್ರೂ ಮುಂದೆ ನುಗ್ಗಿ ನೀನೇ ಆಡು!"

"ಹೂಂ ಕಣೋ, ಎಷ್ಟು ದಿನ ಅಂತ ಬೇರೆಯವ್ರಿಗೆ ಬಡಿಸ್ತೀಯ?" ಎಂದು ಬ್ರೆಡ್ಡಿನಂಗಡಿಯ ಝೆರ್ಮೆನ್ ಬಾಗಿಲಿಂದಲೇ ತಲೆ ತೂರಿಸಿದಳು.

ಚೌಕದಲ್ಲಿ ಎಮರಿಕ್ ಮತ್ತು ಅಧ್ಯಕ್ಷರು ಒಂದು ಜೋಡಿ. ಎದುರಿಗೆ ಇದೇ ಹೊನೊರೆ, ಝೆರ್ಮೆನ್. ಮರದ ಪುಟ್ಟ ಚೆಂಡಿಗೆ ಯಾರ ಕಬ್ಬಿಣದ ಗುಂಡು ಹತ್ತಿರವೋ ಅವರಿಗೆ ಅಂಕ, ಹದಿಮೂರಕ್ಕೆ ಗೆಲುವು. ಒಂದೂ ಅಂಕವಿಲ್ಲದೆ ಸೋತವರು ಕಾಫಿ ಅಂಗಡಿಯ ಗೋಡೆಯಲ್ಲಿರುವ ಫ್ಯಾನಿಯ ಚಿತ್ರದ ಮುಂದೆ ಮಂಡಿಯೂರಿ ಮುತ್ತು ಕೊಡಬೇಕು. ಫ್ಯಾನಿ ಲಂಗ ಎತ್ತಿಕೊಂಡು ಊರಿಗೆಲ್ಲ ಬೆನ್ನು ತಿರುಗಿಸಿ ನಿಂತವಳು. ಮುತ್ತು ಸಲ್ಲಬೇಕಾದದ್ದು ಕೆನ್ನೆಗಲ್ಲ.

ಎಮರಿಕ್‌ನ ಹಳೇ ಚಾಳಿ ಎಲ್ಲಿ ಹೋಗಬೇಕು? ತನ್ನ ಗುಂಡಿನಿಂದ ಹೊಡೆದು ಎದುರಾಳಿಗಳ ಗುಂಡು ಸರಿಸಿ ಸರಿಸಿ ಅಧ್ಯಕ್ಷರಿಗೆ ದಾರಿ ಮಾಡಿಕೊಟ್ಟ. ಅವರೋ ಆ ದಾರಿಯೊಂದನ್ನು ಬಿಟ್ಟು ಬೇರೆಲ್ಲ ಕಡೆ ಎಸೆದರು. ಒಂದು ಗುಂಡು ಪಾದ್ರಿಯ ಸೈಕಲ್ಲಿಗೆ ಬಡಿಯಿತು, ಇನ್ನೊಂದು ಮಲಗಿದ್ದ ನಾಯಿಯನ್ನು ಎಬ್ಬಿಸಿತು. ಹನ್ನೆರಡು–ಸೊನ್ನೆ.

"ಫ್ಯಾನಿ! ಫ್ಯಾನಿ!" ಜನ ಚಪ್ಪಾಳೆ ತಟ್ಟತೊಡಗಿದರು.

ಎದುರಾಳಿಗಳ ಗುಂಡು ಮುಗಿದಿದ್ದವು, ಇವರಲ್ಲಿ ಒಂದೊಂದು ಉಳಿದಿತ್ತು. "ಆ ಹೊನೊರೆ ಗುಂಡು ಸರಿಸಪ್ಪ, ಉಳಿದದ್ದು ನಾನು ನೋಡ್ಕೋತೀನಿ," ಅಂದರು ಅಧ್ಯಕ್ಷರು.

ಎಮರಿಕ್‌ಗೆ ಒಂದೇ ಚಿಂತೆ: ಅಧ್ಯಕ್ಷರು ಊರೆದುರು ಮಂಡಿಯೂರಿದರೆ ಕೆಲಸಕ್ಕೆ ಎಳ್ಳುನೀರು ಬಿಟ್ಟ ಹಾಗೇ.

"ನೀನೇ ಆಡೋ, ಪುಕ್ಕಲ!" ತಾನು ಎದುರಾಳಿ ಎನ್ನುವುದನ್ನೂ ಮರೆತು ಝೆರ್ಮೆನ್ ಕೂಗಿದಳು.

ಎಮರಿಕ್ ಕಣ್ಣುಮುಚ್ಚಿ ತಾನೇ ಉರುಳಿಸಿದ. ಗುಂಡು ಹೋಗಿ ಮರದ ಚೆಂಡಿಗೆ ಅಂಟಿ ನಿಂತಿತು. ಒಂದು ಅಂಕ! ಜನ ಅವನನ್ನು ಎತ್ತಿ ಕುಣಿದರು. ಮುಂದಿನ ಸುತ್ತಿನಲ್ಲಿ ಸೋತದ್ದು ಯಾರಿಗೂ ಲೆಕ್ಕಕ್ಕೇ ಬರಲಿಲ್ಲ. ಹದಿನಾರು ವರ್ಷದಲ್ಲಿ ಕಾಣದ ಸುಖ ಅದು.

"ಮಾನ ಉಳೀತು, ಅಲ್ವಾ ಅಧ್ಯಕ್ಷರೇ?" ಎಂದ ಎಮರಿಕ್ ಹಲ್ಲುಕಿರಿಯುತ್ತ.

"ಮಂಡಿಯೂರಿದ್ರೆ ನಂಗೇನು ಹೋಗ್ತಿತ್ತಯ್ಯಾ? ಫ್ಯಾನಿ ನಂಗೆ ಹೊಸಬಳಲ್ಲ." ಅಧ್ಯಕ್ಷರು ನಿಟ್ಟುಸಿರು ಬಿಟ್ಟರು. "ನಮ್ಮ ಕ್ಲಬ್ಬಿನ ಮಕ್ಕಳೆಲ್ಲ ತಾವೇ ಗೋಲು ಹೊಡೀಬೇಕು ಅಂತ ಒದ್ದಾಡ್ತಾವೆ, ಒಬ್ಬನೂ ಇನ್ನೊಬ್ಬನಿಗೆ ಚೆಂಡು ಕೊಡಲ್ಲ. ಅದಕ್ಕೇ ನಿನ್ನಂಥ ಮೇಷ್ಟ್ರು ಬೇಕಿತ್ತು. ಎಷ್ಟು ತಾಳ್ಕೋತೀಯ ನೋಡೋಣ ಅಂತ ಬೇಕಂತಲೇ ಅಡ್ಡಾದಿಡ್ಡಿ ಎಸೆದೆ. ಹನ್ನೆರಡು–ಸೊನ್ನೆ ಆಗೋವರೆಗೂ ನೀನೇ ಸರಿ ಅಂದ್ಕೊಂಡಿದ್ದೆ ಕಣಪ್ಪಾ."