ಚಾಂಪಿಯನ್ನರ ಚೌಕಾಸಿ

ಬೆಳಿಗ್ಗೆ ಏಳನೆಯ ಮಹಡಿಗೆ ಬಂದು ನಿಂತ ಲಿಫ್ಟು ಮತ್ತೆ ಕದಲಲಿಲ್ಲ. ಅಂದೇ ಸಂಜೆಯ ರೈಲಿನಲ್ಲಿ ಚಾಂಪಿಯನ್ನರ ತಾಯಿಯ ಬಾಲ್ಯದ ಗೆಳತಿ ಮಗಳ ಊರಿಗೆ ಹೊರಟಿದ್ದಳು. ಇನ್ನು ಈ ಕಡೆ ಬರುವವಳಲ್ಲ. ಮೊಣಕಾಲು ಮಡಿಸಲಾಗದ ತಾಯಿ ಅವಳನ್ನು ಸ್ಟೇಷನ್ನಿನಲ್ಲಿ ಬೀಳ್ಕೊಡಲು ಮಧ್ಯಾಹ್ನವೇ ಸಿದ್ಧಳಾಗಿ, ಲಿಫ್ಟಿನ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಸಿಕೊಂಡು ಕುಳಿತಳು.

"ಒಂದು ಸಲ ಅವಳ ಮುಖ ನೋಡ್ಬೇಕು ಕಣೋ. ದೇವರು ಇನ್ನೊಂದು ಅವಕಾಶ ಕೊಡ್ತಾನೋ ಇಲ್ವೋ."

"ನೋಡ್ತೀಯಮ್ಮ. ನಾನಿದ್ದೀನಲ್ಲ."

ಚಾಂಪಿಯನ್ನರು ಪೋಕರ್ ಎಂಬ ಇಸ್ಪೀಟಾಟದ ಪಂದ್ಯಗಳಲ್ಲಿ ಹೆಸರು ಮಾಡಿದವರು. ಗೆದ್ದ ಕಪ್ಪುಗಳು ಅವರ ಮನೆಯಲ್ಲಿ ಅಡುಗೆ ಪಾತ್ರೆಗಳಿಗಿಂತ ಹೆಚ್ಚಾಗಿದ್ದವು. ಅವರ ಬಂಡವಾಳವೆಲ್ಲ ಮುಖವೇ. ಕೈಯಲ್ಲಿ ಕೆಲಸಕ್ಕೆ ಬಾರದ ಎಲೆಗಳಿದ್ದರೂ ಸುಣ್ಣ ಹೊಡೆದ ಗೋಡೆಯಂತೆ ಕೂರುವರು. ಎದುರಾಳಿ ನೋಡಿ ನೋಡಿ ಹೆದರಿ, ತನ್ನ ಎಲೆಗಳನ್ನು ಕೆಳಗಿಟ್ಟು ಆಟ ಬಿಡುವನು. ಪಣವೆಲ್ಲ ಚಾಂಪಿಯನ್ನರ ಪಾಲು.

ಮೆಕ್ಯಾನಿಕ್ ಬಂದು ಲಿಫ್ಟಿನ ಹೊಟ್ಟೆ ಬಿಚ್ಚಿ ನೋಡಿ ಒಂದು ಬೆಲೆ ಹೇಳಿದ. ಮೂರನೆಯ ಮಹಡಿಯ ನಿವೃತ್ತ ಪೋಸ್ಟ್‌ಮಾಸ್ಟರು ಹುಬ್ಬೇರಿಸಿದರು. ಐದನೆಯ ಮಹಡಿಯ ಟೈಲರಮ್ಮ, "ಜಾಸ್ತಿಯೇನಿಲ್ಲ, ಕೊಟ್ಟುಬಿಡೋಣ," ಎಂದಳು.

"ಸುಮ್ನಿರಮ್ಮ. ಮನೆಯಲ್ಲೇ ಚಾಂಪಿಯನ್ ಇಟ್ಕೊಂಡು ಕೇಳಿದಷ್ಟು ಕೊಡೋದಾ? ಮಾತಾಡಿ ಸ್ವಾಮಿ!" ಎಂದು ಪೋಸ್ಟ್‌ಮಾಸ್ಟರು ಚಾಂಪಿಯನ್ನರನ್ನು ಮುಂದೆ ನೂಕಿದರು.

ಚಾಂಪಿಯನ್ನರು ಮಾತಾಡಲಿಲ್ಲ. ಮೆಕ್ಯಾನಿಕ್‌ನನ್ನೇ ನೋಡುತ್ತ ನಿಂತರು.

"ಹೋಗ್ಲಿ, ಸ್ವಲ್ಪ ಕಮ್ಮಿ ಮಾಡ್ತೀನಿ," ಎಂದ ಮೆಕ್ಯಾನಿಕ್.

ಗೋಡೆ ಅಲುಗಲಿಲ್ಲ.

"ಅರ್ಧ ಕೊಡಿ ಸಾರ್. ಅದಕ್ಕಿಂತ ಇಳಿದ್ರೆ ನನಗೆ ಗಿಟ್ಟಲ್ಲ."

"ಆಯ್ತು ಅನ್ನೋ!" ಎಂದಳು ತಾಯಿ. ಮಗ ರೆಪ್ಪೆ ಕೂಡ ಬಡಿಯಲಿಲ್ಲ. ಮೆಕ್ಯಾನಿಕ್ ಆ ಮುಖವನ್ನು ಒಂದು ಗಳಿಗೆ ನೋಡಿದ, ತಲೆ ಕೆರೆದುಕೊಂಡ, ಕೈ ಒರೆಸಿಕೊಂಡು ಮೆಟ್ಟಿಲಿಳಿದು ಹೊರಟೇಹೋದ.

ಚಾಂಪಿಯನ್ನರ ಹಲ್ಲುಗಳು ಆ ಕಟ್ಟಡದವರಿಗೆ ಮೊದಲ ಬಾರಿಗೆ ಕಂಡವು. "ಬಿಟ್ಟು ಓಡಿದ! ಗೆದ್ವಿ!"

ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಗೆದ್ದದ್ದು ಏನನ್ನ?" ಎಂದಳು ಟೈಲರಮ್ಮ. "ಲಿಫ್ಟನ್ನ ಯಾರು ರಿಪೇರಿ ಮಾಡ್ತಾರೆ, ನಿಮ್ಮ ಕಪ್ಪುಗಳಾ?"

ಚಾಂಪಿಯನ್ನರು ತಾಯಿಯ ಕಡೆ ನೋಡಿದರು. ಅವಳು ಮಡಿಲಿನ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವರು ಏಳು ಮಹಡಿಯನ್ನೂ ಒಂದೇ ಉಸಿರಿಗೆ ಇಳಿದರು. ಹಿಂದೆಯೇ ಪೋಸ್ಟ್‌ಮಾಸ್ಟರು, ಟೈಲರಮ್ಮ.

ಮೆಕ್ಯಾನಿಕ್ ಬೀದಿಯಲ್ಲಿ ತನ್ನ ವ್ಯಾನಿನ ಹಿಂಬಾಗಿಲು ತೆರೆದು ಬಗ್ಗಿದ್ದ. ತಿರುಗಿದಾಗ ತುಟಿಗಳ ನಡುವೆ ಎರಡು ಸ್ಕ್ರೂ.

"ಹೋಗ್ಬೇಡಪ್ಪ! ಮೊದಲು ಹೇಳಿದ ಬೆಲೇನೇ ತಗೋ!"

ಮೆಕ್ಯಾನಿಕ್ ಕಣ್ಣರಳಿಸಿದ. ಮಾತಿಲ್ಲ.

ಇಂಥ ಗಟ್ಟಿ ಮುಖವನ್ನು ಚಾಂಪಿಯನ್ನರು ಯಾವ ಪಂದ್ಯದಲ್ಲೂ ಕಂಡಿರಲಿಲ್ಲ. ಹಣೆಯಲ್ಲಿ ಬೆವರೊಡೆಯಿತು. "ಅದರ ಮೇಲೆ ಅರ್ಧ! ಬೇಡ, ಎರಡರಷ್ಟು! ನಮ್ಮಮ್ಮ ಕಾಯ್ತಿದ್ದಾಳೆ ಮಾರಾಯ!"

ಮೆಕ್ಯಾನಿಕ್ ಸ್ಕ್ರೂಗಳನ್ನು ಅಂಗೈಗೆ ಉಗುಳಿಕೊಂಡ. "ನಾನೆಲ್ಲಿ ಹೋದೆ ಸಾರ್? ಸ್ಪ್ರಿಂಗ್ ತರೋಕೆ ಬಂದೆ. ಅರ್ಧ ಅಂದಾಗ ನೀವು ಬೇಡ ಅನ್ನಲಿಲ್ಲ, ಒಪ್ಕೊಂಡ್ರಿ ಅಂದ್ಕೊಂಡೆ." ಆಮೇಲೆ ಸಂಕೋಚದಿಂದ ಸೇರಿಸಿದ: "ಎರಡರಷ್ಟು ಅಂದ್ರಿ. ದೊಡ್ಡವರು ಪ್ರೀತಿಯಿಂದ ಹೇಳಿದ್ದನ್ನ ಬೇಡ ಅನ್ನಬಾರದು."

"ನಮ್ಮ ಲೆಕ್ಕ ಅರ್ಧಕ್ಕೇ ಮುಗೀತು," ಎಂದರು ಪೋಸ್ಟ್‌ಮಾಸ್ಟರು. "ಮೇಲಿನ ಪ್ರೀತಿಯೆಲ್ಲ ನಿಮ್ಮ ಸ್ವಂತದ್ದು ಚಾಂಪಿಯನ್ನರೇ."

ರೈಲಿಗೆ ಇನ್ನೂ ಸಮಯವಿರುವಾಗಲೇ ಲಿಫ್ಟು ಗುಂಯ್‌ಗುಟ್ಟಿತು. ತಾಯಿ ಮಗನ ತೋಳು ಹಿಡಿದು ಒಳಗೆ ನಿಂತಳು. ಟೈಲರಮ್ಮ ಅಷ್ಟರಲ್ಲಿ ಎಲ್ಲವನ್ನೂ ವರದಿ ಮಾಡಿದ್ದಳು. ನಾಲ್ಕನೆಯ ಮಹಡಿ ದಾಟುವಾಗ ತಾಯಿ ಮಗನ ಮುಖದತ್ತ ತಿರುಗಿದಳು.

"ಅಲ್ಲ ಕಣೋ," ಎಂದಳು, "ಪಂದ್ಯಗಳಲ್ಲಿ ನಿನ್ನ ಹತ್ರಾನೂ ಸೋತು ಹೋಗ್ತಾರಲ್ಲ, ಅವರೆಲ್ಲ ಯಾರ ಮಕ್ಕಳೋ, ಪಾಪ."